ಥೀಮನ್ನ ಗುರಿ ಮಾಡ್ಬೇಡಿ, ಕಾನೂನು ಮಾಡಿ

1/8

ಮೊದಲನೇ ಫೋಟೊ ನೋಡಿ. ಕ್ಯಾಂಟೀನ್ ಹಿಂದಿನ ಕಲ್ಲುಬೆಂಚು, ಅದರ ಮೇಲೆ ಮಡಚೋ ಚೆಸ್ ಬೋರ್ಡು. ಎರಡೂ ಕಡೆಯಿಂದ ಒಂದೊಂದೇ ಕಾಲಾಳು ಮುಂದೆ ಬಂದಿದೆ: ಬಿಳಿಯದು ಇ4ರಲ್ಲಿ, ಕರಿಯದು ಡಿ5ರಲ್ಲಿ. ಮಾಮೂಲಿ ಆಟವಾಗಿದ್ದರೆ ಮುಂದಿನ ನಡೆ ಏಳನೇ ಕ್ಲಾಸಿನ ಹುಡುಗನಿಗೂ ಹೊಳೆಯುತ್ತೆ: ಹೊಡಿ. ಈ ಆಟದಲ್ಲಿ ಹೊಡೆಯೋಕಾಗಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮರಗಟ್ಟಿ ನಿಂತಿದ್ದಾರೆ. ಮುಂದಕ್ಕೆ ಹೋಗೋ ಹಾಗೂ ಇಲ್ಲ. ಮೂರನೆಯವರು ಯಾರಾದರೂ ಬಂದೇ ಬಿಡಿಸಬೇಕು.

ಇದರ ಹೆಸರು ಮದ್ರಾಸಿ. ಫೆಸ್ಟಿನ ಚೆಸ್ ಇವೆಂಟಲ್ಲಿ ಇದಕ್ಕೊಂದು ಟೇಬಲ್ ಕೊಡಿ, ಎಂಟು ಜನ ಆಡೋಕೆ ರೆಡಿ ಇದ್ದೀವಿ ಅಂತ ಕೇಳಿದ್ವಿ. ಮೀಟಿಂಗಲ್ಲಿ ಸೀನಿಯರೊಬ್ಬರು ಹೇಳಿದ್ದು ಇಷ್ಟು: "ಅದೆಲ್ಲ ಚೆಸ್ ಅಲ್ಲ ಕಣ್ರೋ, ಪಝಲ್ ಹುಚ್ಚರ ಟೈಂಪಾಸು. ಬೇಕಾದ್ರೆ ಫನ್ ಗೇಮ್ಸ್ ಸ್ಟಾಲಲ್ಲಿ ಇಟ್ಕೊಳ್ಳಿ, ನಿಂಬೆಹಣ್ಣು ಚಮಚದ ಪಕ್ಕ." ಎಲ್ರೂ ನಕ್ರು. ನಾನೂ ನಕ್ಕೆ. ಈಗ ಬೇಜಾರಾಗಿರೋದು ಅದಕ್ಕೇ.

ಅವತ್ತು ನುಂಗಿಕೊಂಡ ಮಾತನ್ನೆಲ್ಲ ಇಲ್ಲಿ ಬರೀತಿದ್ದೀನಿ. ಎಂಟು ಪೋಸ್ಟು. ಉದ್ದ ಆಯ್ತು ಅನ್ನೋರು 5 ಮತ್ತು 6 ಮಾತ್ರ ಓದಿ, ಸಾಕು. ಆದ್ರೆ ಒಂದು ಮಾತು ಮೊದಲೇ ಹೇಳ್ತೀನಿ. ನನ್ನ ಜಗಳ ಆ ಸೀನಿಯರ್ ಜೊತೆ ಅರ್ಧ ಮಾತ್ರ. ಉಳಿದರ್ಧ ನಮ್ಮ ಜೊತೆನೇ, ಅಂದ್ರೆ ರಾತ್ರಿ ಹನ್ನೊಂದಕ್ಕೆ "ಮಗಾ ಹೊಸ ವೇರಿಯಂಟ್ ಕಂಡುಹಿಡಿದೆ" ಅಂತ ಗ್ರೂಪಿಗೆ ಹಾಕೋರ ಜೊತೆ. ಅವರು ನಗೋ ಹಾಗೆ ಮಾಡಿದ್ದು ನಾವೇ.

2/8

ಮೊದಲು ಥೀಮ್ ಅಂದ್ರೇನು ಅನ್ನೋದು.

ಚೆಸ್ ಪ್ರಾಬ್ಲಂ ಅಂದ್ರೆ ಯಾರೋ ಆಡಿದ ಆಟದ ತುಣುಕಲ್ಲ. ಒಬ್ಬರು ಕೂತು, ಕಾಯಿ ಜೋಡಿಸಿ, ಕಟ್ಟಿದ ಒಗಟು. ಬಿಳಿ ಆಡಿ ಎರಡು ನಡೆಯಲ್ಲಿ ಮೇಟ್, ಮೂರು ನಡೆಯಲ್ಲಿ ಮೇಟ್, ಹೀಗೆ. ಒಳ್ಳೆ ಒಗಟಿನ ಒಳಗೆ ಒಂದು ಉಪಾಯ ಕೂತಿರುತ್ತೆ. ಅದೇ ಉಪಾಯವನ್ನ ಬೇರೆ ಬೇರೆಯವರು ಬೇರೆ ಬೇರೆ ರೀತಿ ಕಟ್ಟೋಕೆ ಶುರು ಮಾಡಿದಾಗ ಅದಕ್ಕೊಂದು ಹೆಸರು ಬೀಳುತ್ತೆ. ಅದು ಥೀಮ್. ರಾಗ ಒಂದೇ, ಹಾಡೋರು ಹತ್ತಾರು ಜನ ಇದ್ದ ಹಾಗೆ.

ಎಲ್ಲರಿಗೂ ಗೊತ್ತಿರೋದು ಇಂಡಿಯನ್ ಥೀಮ್. 1845ರಲ್ಲಿ ಲಂಡನ್ನಿನ 'ಚೆಸ್ ಪ್ಲೇಯರ್ಸ್ ಕ್ರಾನಿಕಲ್' ಪತ್ರಿಕೆಯಲ್ಲಿ ಬಂದ ಒಂದು ಒಗಟಿಂದ ಹುಟ್ಟಿದ್ದು. ಉಪಾಯ ಹೀಗಿದೆ. ಕರಿಯ ರಾಜನಿಗೆ ನಡೆಯೇ ಇಲ್ಲದಂತಾಗಿ ಆಟ ಡ್ರಾ ಆಗೋ ಹೊತ್ತು. ಬಿಳಿಯ ಒಂಟೆ (ಬಿಷಪ್ಪನ್ನ ನಮ್ಮ ಮನೇಲಿ ಒಂಟೆ ಅಂತಾರೆ) ಒಂದು ಮನೆಯನ್ನ ದಾಟಿ ಹಿಂದಕ್ಕೆ ಹೋಗಿ ದೂರದಲ್ಲಿ ಕೂರುತ್ತೆ. ಆಮೇಲೆ ಬಿಳಿಯ ಆನೆ ಬಂದು ಆ ದಾಟಿಹೋದ ಮನೆಯಲ್ಲೇ ಕೂತು ತನ್ನದೇ ಒಂಟೆಯ ದಾರಿಗೆ ಅಡ್ಡ ಆಗುತ್ತೆ. ಯಾರಾದ್ರೂ ಸ್ವಂತ ದಾರಿ ಮುಚ್ಚಿಕೊಳ್ತಾರಾ? ಮುಚ್ಚಿದ್ರಿಂದ ಕರಿಯ ರಾಜನಿಗೆ ಒಂದು ಹೆಜ್ಜೆ ಜಾಗ ಸಿಗುತ್ತೆ. ಪಾಪ, ಇಡ್ತಾನೆ. ಆಗ ಆನೆ ಸರಿಯುತ್ತೆ, ಹಿಂದಿದ್ದ ಒಂಟೆಯ ದಾರಿ ತೆರೆಯುತ್ತೆ, ಮೇಟ್. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಈಗ ರೀಲ್ಸ್ ನೋಡಿ. "ಇಂಡಿಯನ್ ಥೀಮ್, ನಮ್ಮ ಪೂರ್ವಜರ ಜ್ಞಾನ" ಅಂತ ತಂಬೂರಿ ಮ್ಯೂಸಿಕ್ ಹಾಕಿರ್ತಾರೆ. ಸ್ವಲ್ಪ ತಡೀರಿ. ಆ ಒಗಟು ಹೋಗಿದ್ದು ದೆಹಲಿಯಿಂದ, 'ಶಾಗಿರ್ದ್' ಅನ್ನೋ ಗುಪ್ತನಾಮದಲ್ಲಿ. ಕಟ್ಟಿದವರು ಲವ್‌ಡೇ ಅನ್ನೋ ಇಂಗ್ಲಿಷ್ ಪಾದ್ರಿ. ಇಂಡಿಯಾದಿಂದ ಬಂದ ಒಗಟು ಅಂತ ಹೆಸರು ಹಾಗೆ ನಿಂತಿತು. ಅಷ್ಟೇ ಅದರಲ್ಲಿರೋ ಇಂಡಿಯಾ. ಆದ್ರೆ ನಿಜವಾಗಲೂ ಇಲ್ಲಿಯವರೇ ಆದ ಅಬ್ದುಲ್ ಜಬ್ಬಾರ್ ಕರ್ವಟ್ಕರ್ 1979ರಲ್ಲಿ ಮದ್ರಾಸಿ ಅನ್ನೋ ನಿಯಮ ಕಂಡುಹಿಡಿದು, ಜಗತ್ತಿನ ಒಗಟು ಕಟ್ಟೋರೆಲ್ಲ ಅದನ್ನ ತಗೊಂಡು ಇವತ್ತಿನವರೆಗೂ ಒಗಟು ಕಟ್ತಿದ್ದಾರೆ. ಅವರ ಮೇಲೆ ಒಂದು ರೀಲ್ ತೋರಿಸಿ ನೋಡೋಣ. ನಮ್ಮದಲ್ಲದ್ದಕ್ಕೆ ಎದೆ ಉಬ್ಬಿಸ್ತೀವಿ, ನಮ್ಮದನ್ನ ನಿಂಬೆಹಣ್ಣು ಚಮಚದ ಪಕ್ಕ ಇಡ್ತೀವಿ.

3/8

ಈಗ ನನ್ನ ಮರ್ಯಾದೆ ಹೋದ ಕಥೆ.

ಕಳೆದ ವರ್ಷ ನನಗೆ ಕುದುರೆ ನಡೆಯ ಹುಚ್ಚು ಹಿಡಿದಿತ್ತು. 64 ಮನೆಯನ್ನೂ ಕುದುರೆ ಒಂದೊಂದೇ ಸಲ ಮುಟ್ಟಿ ಮುಗಿಸಬೇಕು, ಅದು ಆ ಥೀಮ್. ಹಳೇದು ಅಂದ್ರೆ ತುಂಬ ಹಳೇದು. 9ನೇ ಶತಮಾನದ ಕಾಶ್ಮೀರದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ಅರ್ಧ ಬೋರ್ಡಿನಷ್ಟು ಮನೆಗಳಲ್ಲಿ ಅಕ್ಷರ ಕೂರಿಸಿ, ನೇರವಾಗಿ ಓದಿದ್ರೂ ಕುದುರೆ ನಡೆಯಲ್ಲಿ ಓದಿದ್ರೂ ಅದೇ ಪದ್ಯ ಬರೋ ಹಾಗೆ ಕಟ್ಟಿದ್ದಾನೆ. ಇನ್ನು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1868ರಲ್ಲಿ ತೀರಿಕೊಂಡ ಈ ದೊರೆ ಕುದುರೆ ನಡೆಯ ಬಂಧಗಳನ್ನ ಕಟ್ಟೋದರಲ್ಲಿ ಮುಳುಗಿಹೋಗಿದ್ದವರು. ರಾಜ್ಯಭಾರವನ್ನ ಬ್ರಿಟಿಷರು 1831ರಲ್ಲೇ ಕೈಯಿಂದ ತಗೊಂಡಿದ್ರು. ಕೈಗೆ ಉಳಿದಿದ್ದ ರಾಜ್ಯ ಎಂಟು ಮನೆ ಉದ್ದ ಎಂಟು ಮನೆ ಅಗಲ ಅಂತ ನನಗೆ ಆಗಾಗ ಅನಿಸುತ್ತೆ. ಇದು ನನ್ನ ಕಲ್ಪನೆ, ಇತಿಹಾಸದ ಮೇಷ್ಟ್ರು ಬೈಬೇಡಿ.

ಸರಿ, ಇದನ್ನ ಇಬ್ಬರು ಆಡೋ ಆಟ ಮಾಡೋಣ ಅಂತ ಹೊರಟೆ. ನಿಯಮ: ಮೊದಲನೆಯವರು ಕುದುರೆಯನ್ನ ಎಲ್ಲಿ ಬೇಕಾದ್ರೂ ಇಡಲಿ. ಎರಡನೆಯವರು ಅದನ್ನೇ ಒಂದು ಸಲ ನಡೆಸಲಿ. ಆಮೇಲೆ ಮೊದಲನೆಯವರು. ಒಂದು ಸಲ ಮುಟ್ಟಿದ ಮನೆಗೆ ಕಡಲೆಕಾಯಿ ಸಿಪ್ಪೆ ಇಡೋದು, ಮತ್ತೆ ಅಲ್ಲಿಗೆ ಹೋಗೋ ಹಾಗಿಲ್ಲ. ನಡೆ ಇಲ್ಲದೋರು ಸೋತ್ರು. ಹೆಸರು ಕೂಡ ಇಟ್ಟಿದ್ದೆ, 'ಅರಮನೆ ಕುದುರೆ'. ಪೋಸ್ಟರ್ ಮಾಡಿದ್ದೆ. ಇದೇ ಪೇಜಲ್ಲಿ ಇತ್ತು, ಡಿಲೀಟ್ ಮಾಡಿದ್ದೀನಿ, ಹುಡುಕ್ಬೇಡಿ.

ಮೊದಲನೇ ವರ್ಷದ ಒಬ್ಬಳು ಹುಡುಗಿ ಬಂದು ಮೂರು ಆಟ ನೋಡಿದ್ಳು. ನಾಲ್ಕನೇದಕ್ಕೆ ಕೂತು "ಅಣ್ಣ, ನೀವೇ ಮೊದ್ಲು ಇಡಿ" ಅಂದ್ಳು. ಗೆದ್ಳು. ಮತ್ತೆ "ನೀವೇ ಇಡಿ". ಮತ್ತೆ ಗೆದ್ಳು. ಆರು ಸಲ. ಆಮೇಲೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿ ತೋರಿಸಿದ್ಳು, ಎರಡನೇ ಫೋಟೊ ಅದೇ. ಬೋರ್ಡನ್ನ ಎರಡು ಸಾಲು ನಾಲ್ಕು ಕಂಬದ ಎಂಟು ತುಂಡು ಮಾಡಿ. ಪ್ರತಿ ತುಂಡಲ್ಲಿ ಎಂಟು ಮನೆ. ಮೇಲಿನ ಸಾಲಿನ 1ನೇ ಮನೆಗೆ ಕೆಳಗಿನ 3ನೇದು ಜೋಡಿ, 2ಕ್ಕೆ 4, 3ಕ್ಕೆ 1, 4ಕ್ಕೆ 2. ಪ್ರತಿ ಜೋಡಿಯೂ ಒಂದು ಕುದುರೆ ನಡೆ. ಇಡೀ ಬೋರ್ಡಲ್ಲಿ 32 ಜೋಡಿ. ನೀವು ಎಲ್ಲಿಗೇ ಹೋಗಿ, ಅವಳು ಆ ಮನೆಯ ಜೋಡಿಗೆ ಹೋಗ್ತಾಳೆ. ಜೋಡಿಮನೆ ಯಾವಾಗಲೂ ಖಾಲಿಯೇ ಇರುತ್ತೆ, ಯಾಕಂದ್ರೆ ಜೋಡಿಗಳು ಒಟ್ಟಿಗೇ ತುಂಬ್ತಾ ಬರ್ತವೆ. ಅವಳಿಗೆ ನಡೆ ಇಲ್ಲ ಅನ್ನೋದೇ ಆಗಲ್ಲ. ಕುದುರೆ ಇಟ್ಟ ಕ್ಷಣವೇ ನೀವು ಸೋತಾಯ್ತು.

ನಾನು ಒಂದು ತಿಂಗಳು ತಲೆಕೆಡಿಸಿಕೊಂಡ ಆಟ ಒಂದು ಟೀ ಮುಗಿಯೋದ್ರೊಳಗೆ ಸತ್ತಿತ್ತು. ಆಡೋಕೆ ತಲೆಯೂ ಬೇಡ, ಜೋಡಿ ಪಟ್ಟಿ ಇದ್ರೆ ಸಾಕು. ಮುಮ್ಮಡಿಯವರ ಕುದುರೆಯ ಸೌಂದರ್ಯ ಅದರಲ್ಲಿ ಎಲ್ಲೂ ಇರಲಿಲ್ಲ. 64 ಮನೆ ಮುಗಿಸೋದು ಯಾರಿಗೂ ಬೇಕಾಗಿರಲಿಲ್ಲ.

4/8

ಯಾಕೆ ಹೀಗಾಯ್ತು ಅಂತ ತಿಂಗಳುಗಟ್ಟಲೆ ಯೋಚನೆ ಮಾಡಿದ್ದೀನಿ. ಒಗಟು ಕಟ್ಟುವವರ ಎರಡೂ ಕೈ ಅವರವೇ. ಬಿಳಿಯನ್ನೂ ಅವರೇ ಇಡ್ತಾರೆ, ಕರಿಯನ್ನೂ ಅವರೇ ಇಡ್ತಾರೆ, ಕರಿಯ ರಾಜ ಆ ಒಂದು ಹೆಜ್ಜೆ ಇಡಲೇಬೇಕು ಅನ್ನೋ ಹಾಗೆ ಸುತ್ತ ಗೋಡೆಯನ್ನೂ ಅವರೇ ಕಟ್ತಾರೆ. ಇಂಡಿಯನ್ ಥೀಮ್ ಚೆಂದ ಕಾಣೋದು ಆ ಗೋಡೆಯಿಂದ. ಆಟದಲ್ಲಿ ಎದುರಿಗೆ ಕೂತಿರೋದು ಮನುಷ್ಯ. ಅವನಿಗೆ ನಿಮ್ಮ ಚೆಂದದ ಗೊಡವೆ ಇಲ್ಲ. "ಇಂಡಿಯನ್ ಥೀಮಲ್ಲಿ ಮೇಟ್ ಮಾಡಿದೋರು ಗೆದ್ದ ಹಾಗೆ" ಅಂತ ನಿಯಮ ಮಾಡಿ ನೋಡಿ. ಅವನು ಮೊದಲ ನಡೆಯಿಂದಲೇ ಅದನ್ನ ತಪ್ಪಿಸ್ತಾನೆ, ನೀವೂ ತಪ್ಪಿಸ್ತೀರ, ಇಬ್ಬರೂ ಸೇರಿ ಡ್ರಾ ಮಾಡಿ ಎದ್ದು ಹೋಗ್ತೀರ.

ನಮ್ಮ ಗ್ರೂಪಲ್ಲಿ ಬಂದಿದ್ದೆಲ್ಲ ಇದೇ ಜಾತಿ. ಒಬ್ಬ ಹೇಳಿದ, ನಾಲ್ಕು ಕಾಲಾಳು ಕೊನೆ ಸಾಲಿಗೆ ಹೋಗಿ ಮಂತ್ರಿ, ಆನೆ, ಒಂಟೆ, ಕುದುರೆ ನಾಲ್ಕೂ ಆದ್ರೆ ಗೆಲುವು ಅಂತ. ಒಗಟುಗಳಲ್ಲಿ ಅದು ದೊಡ್ಡ ಥೀಮೇ, ಸುಳ್ಳಲ್ಲ. ಆದ್ರೆ ನಾಲ್ಕು ಕಾಲಾಳನ್ನ ಕೊನೆ ಮುಟ್ಟಿಸೋ ಶಕ್ತಿ ಇರೋನು ಅಷ್ಟರಲ್ಲಿ ನಾಲ್ಕು ಸಲ ಮೇಟ್ ಮಾಡಿರ್ತಾನಲ್ಲ ಮಾರಾಯ!

ಇನ್ನೊಬ್ಬಳ ಐಡಿಯಾ ಇದಕ್ಕಿಂತ ಬುದ್ಧಿವಂತಿಕೆಯದು. ಬ್ಯಾಬ್ಸನ್ ಅಂತ ಒಂದು ಸವಾಲಿದೆ, 19ನೇ ಶತಮಾನದ್ದು: ಕರಿ ಕಾಲಾಳು ಏನಾಗಿ ಬದಲಾಗುತ್ತೋ ಬಿಳಿಯೂ ಅದೇ ಆಗಿ ಬದಲಾದ್ರೆ ಮಾತ್ರ ಮೇಟ್ ಸಿಗಬೇಕು, ನಾಲ್ಕೂ ಕಾಯಿಗೆ. ನೇರವಾದ ಮೇಟ್ ಒಗಟಲ್ಲಿ ಇದು ಆಗೋದೇ ಇಲ್ಲ ಅಂದುಕೊಂಡಿದ್ರು. 1983ರಲ್ಲಿ ಸೋವಿಯತ್ ದೇಶದ ಲಿಯೊನಿದ್ ಯಾರೋಶ್ ಮಾಡಿ ತೋರಿಸಿದ್ರು. ಅವಳು ಇದನ್ನ ಗುರಿ ಮಾಡಲಿಲ್ಲ, ಕಾನೂನು ಮಾಡಿದ್ಳು: ಎದುರಾಳಿ ಏನಾಗಿ ಬದಲಾಯಿಸಿದ್ರೋ ನಿಮ್ಮ ಮುಂದಿನ ಕಾಲಾಳೂ ಅದೇ ಆಗಬೇಕು. ಸರಿಯಾದ ದಿಕ್ಕು. ಆದ್ರೆ ಆ ಕಾನೂನು ಎಚ್ಚರ ಆಗೋದು ಆಟ ಮುಗಿಯೋ ಹೊತ್ತಿಗೆ. ಅಲ್ಲೀವರೆಗೂ ಆಡೋದು ಮಾಮೂಲಿ ಚೆಸ್ಸೇ. ಸಿನಿಮಾ ಮುಗಿದ ಮೇಲೆ ಹೆಸರು ತೋರಿಸೋ ಹೊತ್ತಲ್ಲಿ ಹಾಡು ಬಂದ ಹಾಗೆ.

ಅದಕ್ಕೇ ಹೇಳ್ತಿರೋದು. ಥೀಮ್ ಗುರಿ ಆಗಬಾರದು, ಬೋರ್ಡಿನ ಕಾನೂನು ಆಗಬೇಕು. ಭೂಮಿಯ ಸೆಳೆತ ಇದ್ದ ಹಾಗೆ ಇರಬೇಕು. ತಪ್ಪಿಸಿಕೊಳ್ತೀನಿ ಅಂದ್ರೂ ತಪ್ಪಿಸಿಕೊಳ್ಳೋಕೆ ಅದನ್ನೇ ಬಳಸಬೇಕು. ಮತ್ತೆ ಮೊದಲ ನಡೆಯಿಂದಲೇ ಎಚ್ಚರ ಇರಬೇಕು.

5/8

ಮದ್ರಾಸಿ ನಿಯಮ ಒಂದೇ ವಾಕ್ಯ. ರಾಜನನ್ನ ಬಿಟ್ಟು ಯಾವುದೇ ಕಾಯಿಯ ಮೇಲೆ ಎದುರಾಳಿಯ ಅದೇ ಜಾತಿಯ ಕಾಯಿ ಕಣ್ಣಿಟ್ಟರೆ, ಅದು ಮರಗಟ್ಟುತ್ತೆ. ನಡೆಯಲ್ಲ, ಹೊಡೆಯಲ್ಲ, ಚೆಕ್ ಕೊಡಲ್ಲ. ಅದಕ್ಕೆ ಉಳಿಯೋದು ಒಂದೇ ಶಕ್ತಿ, ತನ್ನ ಜಾತಿಯ ಎದುರಾಳಿಯನ್ನ ಮರಗಟ್ಟಿಸೋದು.

ಒಂದು ನಿಮಿಷ ಇದರ ಜೊತೆ ಕೂತ್ಕೊಳ್ಳಿ. ನಿಮ್ಮ ಆನೆ ನನ್ನ ಆನೆಯನ್ನ ನೋಡುತ್ತೆ ಅಂದ್ರೆ ನನ್ನದೂ ನಿಮ್ಮದನ್ನ ನೋಡುತ್ತೆ. ಹಾಗಾಗಿ ಮರಗಟ್ಟೋದು ಯಾವಾಗಲೂ ಇಬ್ಬರೂ ಒಟ್ಟಿಗೇ. ಆನೆ ಆನೆಯನ್ನ ಹೊಡೆಯಲ್ಲ, ಮಂತ್ರಿ ಮಂತ್ರಿಯನ್ನ ಹೊಡೆಯಲ್ಲ, ಕಾಲಾಳು ಕಾಲಾಳನ್ನ ಮಾಮೂಲಿ ರೀತಿ ಹೊಡೆಯೋದೇ ಇಲ್ಲ. "ಮಂತ್ರಿಗೆ ಮಂತ್ರಿ ಕೊಟ್ಟು ಸುಲಭ ಮಾಡ್ಕೊಳ್ಳೋಣ" ಅನ್ನೋ ಸೋಮಾರಿತನ ಹೋಯ್ತು. ಬಿಡುಗಡೆ ಮೂರನೆಯವರ ಕೈಯಲ್ಲಿ: ಯಾರಾದ್ರೂ ಇಬ್ಬರಲ್ಲೊಬ್ಬರನ್ನ ಹೊಡೀಬೇಕು, ಇಲ್ಲ ನಡುವೆ ಅಡ್ಡ ನಿಲ್ಲಬೇಕು. ಕುದುರೆಗೂ ಕಾಲಾಳಿಗೂ ನಡುವೆ ಅಂತ ಜಾಗವೇ ಇಲ್ಲ, ಅವರಿಗೆ ಹೊಡೆತದಿಂದಲೇ ಬಿಡುಗಡೆ.

ಈಗ ಮೊದಲನೇ ಫೋಟೊಗೆ ವಾಪಸ್ ಹೋಗಿ. ಇ4, ಡಿ5, ಎರಡೂ ಕಲ್ಲು. ಬಿಳಿ ಕುದುರೆಯನ್ನ ಸಿ3ಕ್ಕೆ ತರುತ್ತೆ, ಡಿ5ರ ಮೇಲೆ ಕಣ್ಣು. ಕರಿ ಅಭ್ಯಾಸಬಲದಿಂದ ಕುದುರೆಯನ್ನ ಎಫ್6ಕ್ಕೆ ತಂದು ಡಿ5ನ್ನ ಕಾಯ್ತೀನಿ ಅನ್ಕೊಳ್ಳುತ್ತೆ. ನಾವೆಲ್ಲ ಮಾಡಿದ ತಪ್ಪು ಇದು. ಬಿಳಿ ಕುದುರೆ ಡಿ5ನ್ನ ಹೊಡೀತು ಅಂದ್ಕೊಳ್ಳಿ. ಎಫ್6ರ ಕುದುರೆ ತಿರುಗಿ ಹೊಡೆಯೋ ಹಾಗಿಲ್ಲ! ಡಿ5ರಲ್ಲಿ ಕೂತಿರೋದೂ ಕುದುರೆ, ಎರಡೂ ಮರಗಟ್ಟಿದ್ವು. ಕುದುರೆಯ ವಿರುದ್ಧ ಕುದುರೆ ಕಾವಲೇ ಅಲ್ಲ. ಮಂತ್ರಿಯಿಂದ ಹೊಡೀತೀನಿ ಅಂದ್ರೆ, ಡಿ5ರ ಕರಿ ಕಾಲಾಳು ಹೋಗಿರೋದ್ರಿಂದ ಇ4ರ ಕಾಲಾಳಿಗೆ ಜೀವ ಬಂದಿದೆ, ಮಂತ್ರಿ ಕಾಲಾಳಿನ ಬಾಯಿಗೆ.

ಪುಕ್ಕಟೆ ಕಾಲಾಳು ಸಿಕ್ತು ಅಂತ ಬಿಳಿ ಕುಣಿಯೋಕೆ ಮುಂಚೆ ಇನ್ನೊಂದು ಸಲ ನೋಡಬೇಕು. ಡಿ5ರ ಕುದುರೆಯೂ ಸಿಕ್ಕಿಹಾಕ್ಕೊಂಡಿದೆ, ವಾಪಸ್ ಬರೋಕಾಗಲ್ಲ. ಕರಿ ನಿಧಾನವಾಗಿ ಒಂದು ಕಾಲಾಳನ್ನ ಇ6ಕ್ಕೆ ಇಡುತ್ತೆ. ಕಟ್ಟಿಹಾಕಿದ ಕುದುರೆಯನ್ನ ಕಾಲಾಳು ಮುಂದಿನ ನಡೆಯಲ್ಲಿ ತಿನ್ನುತ್ತೆ. ಬಿಳಿಗೆ ಈಗ ಹೊಳೀಬೇಕು: ಎಫ್6ರ ಕುದುರೆಯೂ ಕಟ್ಟಿಹಾಕಿದ್ದೇ! ಇ4ರ ಕಾಲಾಳನ್ನ ಇ5ಕ್ಕೆ ತಳ್ಳು. ಅವರು ನಮ್ಮ ಕುದುರೆ ತಿಂತಾರೆ, ನಾವು ಅವರ ಕುದುರೆ ತಿಂತೀವಿ, ಎಫ್6ಕ್ಕೆ ಬಂದ ನಮ್ಮ ಕಾಲಾಳು ಜಿ7ರ ಕಾಲಾಳಿಗೆ ಮುಖಕೊಟ್ಟು ಮತ್ತೆ ಕಲ್ಲು, ಅದನ್ನ ಮಂತ್ರಿ ಬಂದು ಹೊಡೀತಾನೆ. ಲೆಕ್ಕ ಸಮ. ಆರು ನಡೆ ಕೂಡ ಆಗಿಲ್ಲ, ಇಬ್ಬರಿಗೂ ಬೆವರು ಬಂದಿರುತ್ತೆ.

ಇದನ್ನ ಟೈಂಪಾಸು ಅಂದೋರು ಈ ಐದು ನಡೆ ತಪ್ಪಿಲ್ಲದೆ ತಲೆಯಲ್ಲೇ ಲೆಕ್ಕ ಹಾಕಿ ತೋರಿಸಲಿ, ನಾನು ನಿಂಬೆಹಣ್ಣು ಚಮಚ ಹಿಡ್ಕೊಂಡು ಮೇನ್ ಗೇಟ್‌ವರೆಗೂ ಓಡ್ತೀನಿ.

6/8

ನನಗೆ ಮದ್ರಾಸಿ ಮೇಲೆ ಪ್ರೀತಿ ಹುಟ್ಟಿದ್ದು ಮಾತ್ರ ಇನ್ನೊಂದು ಜಾಗದಲ್ಲಿ. ಮೂರನೇ ಫೋಟೊ. ಸಾಧ್ಯ ಆದ್ರೆ ಬೋರ್ಡ್ ತಗೊಂಡು ಜೋಡಿಸಿ.

ಕರಿಯ ರಾಜ ಜಿ8ರಲ್ಲಿ, ಅವನ ಮುಂದೆ ಎಫ್7, ಜಿ7, ಎಚ್7ರಲ್ಲಿ ಅವನದೇ ಕಾಲಾಳು. ಕರಿಯ ಆನೆ ಎ8ರ ಮೂಲೆಯಲ್ಲಿ. ಬಿಳಿಯದು ಎರಡು ಆನೆ: ಒಂದು ಎ1ರಲ್ಲಿ, ಒಂದು ಇ8ರಲ್ಲಿ. ಬಿಳಿಯ ಒಂಟೆ ಎಫ್5ರಲ್ಲಿ, ರಾಜ ಜಿ1ರಲ್ಲಿ. ಎ ಕಂಬ ಪೂರ್ತಿ ಖಾಲಿ, ಎ8ಕ್ಕೂ ಇ8ಕ್ಕೂ ನಡುವೆಯೂ ಖಾಲಿ. ಬಿಳಿಯ ಸರದಿ.

ಮಾಮೂಲಿ ಚೆಸ್ಸಲ್ಲಿ ಇ8ರ ಆನೆ ಚೆಕ್ ಕೊಡ್ತಿದೆ. ಮದ್ರಾಸಿಯಲ್ಲಿ ಇಲ್ಲ. ಎ8ರ ಆನೆ ಅದನ್ನ ನೋಡ್ತಿದೆ, ಹಾಗಾಗಿ ಅದು ಕಲ್ಲು. ಎ8ರ ಆನೆಯೂ ಕಲ್ಲು, ಅದನ್ನ ಇಬ್ಬರು ನೋಡ್ತಿದ್ದಾರೆ. ಎ1ರದ್ದೂ ಕಲ್ಲು. ಮೂರು ಆನೆ, ಮೂರೂ ಕಲ್ಲು. ಹಂಪೆಯ ಗಜಶಾಲೆ.

ಈಗ ಬಿಳಿ ಒಂಟೆಯನ್ನ ಎಫ್5ರಿಂದ ಸಿ8ಕ್ಕೆ ಇಡುತ್ತೆ. ಒಂಟೆಯೇ ಚೆಕ್ ಕೊಡಲ್ಲ. ಸುಮ್ಮನೆ ಹೋಗಿ ಆನೆಗಳ ನಡುವೆ ನಿಲ್ಲುತ್ತೆ, ತನ್ನದೇ ಆನೆಯ ದಾರಿಗೆ ಅಡ್ಡ. ಅಡ್ಡ ಬಂದ ಕ್ಷಣ ಎ8ರ ಕಣ್ಣು ತಪ್ಪಿ ಇ8ರ ಆನೆಗೆ ಜೀವ ಬರುತ್ತೆ. ಅದು ರಾಜನ ಮೇಲೆ ಚೆಕ್. ಎ8ರ ಆನೆ ಒಂಟೆಯನ್ನ ಹೊಡೆದ್ರೆ ಮತ್ತೆ ಇ8ನ್ನ ಕಲ್ಲು ಮಾಡಬಹುದಿತ್ತು. ಆದ್ರೆ ಅದು ಅಲ್ಲಾಡೋ ಹಾಗಿಲ್ಲ, ದೂರದ ಎ1ರಿಂದ ಇನ್ನೊಂದು ಆನೆ, ತಾನೇ ಕಲ್ಲಾಗಿದ್ದರೂ, ಅದನ್ನ ಹಿಡಿದಿಟ್ಟಿದೆ. ರಾಜನಿಗೆ ಎಫ್8 ಇಲ್ಲ, ಮುಂದೆ ಸ್ವಂತ ಕಾಲಾಳುಗಳ ಗೋಡೆ. ಮೇಟ್.

ಏನು ಗೆದ್ದಿದ್ದು ನೋಡಿ. ಸ್ವಂತ ಕಾಯಿಯ ದಾರಿಗೆ ತಾನೇ ಅಡ್ಡ ನಿಂತು ಗೆಲ್ಲೋದು. ಎರಡನೇ ಪೋಸ್ಟಿನ 1845ರ ಒಗಟಲ್ಲಿ ಪಾದ್ರಿ ತನ್ನ ಕೈಯಾರೆ ಗೋಡೆ ಕಟ್ಟಿ ತೋರಿಸಿದ ಉಪಾಯದ ಚಿಕ್ಕಪ್ಪನ ಮಗ ಇದು. ಅಲ್ಲಿ ಅಡ್ಡ ನಿಂತಿದ್ದು ಎದುರಾಳಿಗೆ ಉಸಿರು ಕೊಡೋಕೆ, ಇಲ್ಲಿ ನಮ್ಮವರಿಗೆ ಉಸಿರು ಕೊಡೋಕೆ. ಮದ್ರಾಸಿ ಬೋರ್ಡಲ್ಲಿ ಇದನ್ನ ಯಾರೂ ಗುರಿ ಅಂತ ಇಟ್ಟಿಲ್ಲ. ಕಾನೂನು ಹಾಗಿರೋದ್ರಿಂದ ತಾನಾಗೇ ಹುಟ್ಟುತ್ತೆ, ಮತ್ತೆ ಎದುರಾಳಿ ಇದನ್ನ ತಪ್ಪಿಸೋಕೆ ಇದೇ ತರ ಯೋಚನೆ ಮಾಡಬೇಕು. ಒಗಟಿನ ಸೌಂದರ್ಯ ಆಟಕ್ಕೆ ಬರೋದು ಅಂದ್ರೆ ನನಗೆ ಇದು. ಪೋಸ್ಟರ್ ಮೇಲೆ ಕುದುರೆ ಚಿತ್ರ ಹಾಕೋದಲ್ಲ.

7/8

ಕಮೆಂಟಲ್ಲಿ ಬರೋದನ್ನ ಮೊದಲೇ ಹೇಳಿಬಿಡ್ತೀನಿ.

"ಇದು ಚೆಸ್ ಅಲ್ಲ." ನೀವು ಆಡೋದು ಯಾವ ಚೆಸ್ಸು? ಮಂತ್ರಿ ಒಂದು ಕಾಲದಲ್ಲಿ ಓರೆಯಾಗಿ ಒಂದೇ ಮನೆ ನಡೀತಿದ್ದ. ಅವನು ಬೋರ್ಡೆಲ್ಲ ಓಡೋಕೆ ಶುರು ಮಾಡಿದ್ದು 15ನೇ ಶತಮಾನದ ಕೊನೆಗೆ, ಯುರೋಪಲ್ಲಿ. ಅವತ್ತು ಅದೂ ವೇರಿಯಂಟೇ. ನಮ್ಮ ದೇಶದ ಹಳೇ ಪದ್ಧತಿಯಲ್ಲಿ ಕಾಲಾಳು ಮೊದಲ ಸಲಕ್ಕೂ ಒಂದೇ ಮನೆ. ಆ ಪದ್ಧತಿಯಲ್ಲಿ ಕಲಿತ ಮೀರ್ ಸುಲ್ತಾನ್ ಖಾನ್ ಇಂಗ್ಲೆಂಡಿಗೆ ಹೋಗಿ ಅಲ್ಲಿನ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ್ರು. ಯಾವ ಸ್ಟಾಲಲ್ಲಿ ಇಡ್ತೀರ ಅವರನ್ನ?

ಬಾಬಿ ಫಿಶರ್ 1996ರಲ್ಲಿ ಬ್ಯೂನಸ್ ಐರಿಸಲ್ಲಿ ಹಿಂದಿನ ಸಾಲಿನ ಕಾಯಿಗಳನ್ನ ಕಲಸಿ ಇಡೋ ಆಟ ಘೋಷಿಸಿದ್ರು. 2019ರಲ್ಲಿ ಫೀಡೆಯೇ ಅದಕ್ಕೆ ವಿಶ್ವ ಚಾಂಪಿಯನ್‌ಶಿಪ್ ಮಾಡಿತು, ವೆಸ್ಲಿ ಸೋ ಗೆದ್ರು. ಮಾಜಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅವರೇ ಕ್ಯಾಸ್ಲಿಂಗ್ ಇಲ್ಲದ ಚೆಸ್ ಆಡೋಣ ಅಂತ ಹೇಳಿ, ಡೀಪ್‌ಮೈಂಡ್ ಜೊತೆ ಸೇರಿ ಆಲ್ಫಾಝೀರೋ ಹತ್ರ ಬೇರೆ ಬೇರೆ ನಿಯಮ ಆಡಿಸಿ ನೋಡಿದ್ರು. ದೊಡ್ಡೋರು ಮಾಡಿದ್ರೆ ಸಂಶೋಧನೆ, ನಾವು ಮಾಡಿದ್ರೆ ಚಮಚ.

"ಬೋರ್ಡು ಸಿಕ್ಕಿಹಾಕ್ಕೊಳ್ಳುತ್ತೆ." ಇದು ನಿಜ, ಒಪ್ತೀನಿ. ಕಾಲಾಳು ಕಾಲಾಳನ್ನ ಹೊಡೆಯಲ್ಲ ಅಂದ್ಮೇಲೆ ನಡುವೆ ಜಾಮ್ ಆಗುತ್ತೆ. ಇಬ್ಬರೂ ಹೆದರುಪುಕ್ಕಲರಾದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ಲೇ. ಬಿಡಿಸಬೇಕು ಅಂದ್ರೆ ಒಂದು ಕುದುರೆಯನ್ನೋ ಒಂಟೆಯನ್ನೋ ಬಲಿ ಕೊಡೋ ಧೈರ್ಯ ಬೇಕು. ನಮ್ಮ ಕೆಲವು ಆಟ ಹಾಗೆ ಹೂತುಹೋಗಿದೆ. ಮದ್ರಾಸಿ ದೋಷ ಇಲ್ಲದ ಆಟ ಅಂತ ನಾನು ಎಲ್ಲೂ ಹೇಳಿಲ್ಲ. ಫ್ರಾನ್ಸಿನ ಮೊನ್ರೆಯಾಲ್ ಮತ್ತು ಬ್ವಾಯೆ 1968ರಲ್ಲಿ ಕೊಟ್ಟ ಸರ್ಸಿ ಇದರ ಉಲ್ಟಾ: ಅದರಲ್ಲಿ ಹೊಡೆದ ಕಾಯಿ ತನ್ನ ಹುಟ್ಟಿದ ಮನೆ ಖಾಲಿ ಇದ್ರೆ ಅಲ್ಲಿ ಮತ್ತೆ ಹುಟ್ಟುತ್ತೆ. ಅಲ್ಲಿ ಸಾವೇ ಕಷ್ಟ, ಇಲ್ಲಿ ನಡೆಯೇ ಕಷ್ಟ. ನನಗೆ ಇದು ಇಷ್ಟ, ಅಷ್ಟೇ.

"ಇದರಿಂದ ರೇಟಿಂಗ್ ಬರಲ್ಲ." ಇದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತೆ. ಕುದುರೆ ಆಟ ಕೊಂದ ಆ ಹುಡುಗಿ ನೆನಪಿದ್ದಾಳಲ್ಲ. ಅವಳು ಚೆಸ್ ಕಲಿತದ್ದು ಊರಲ್ಲಿ ಸೋದರಮಾವನ ಹತ್ರ, ರಟ್ಟಿನ ಬೋರ್ಡಲ್ಲಿ. ಕೋಚಿಂಗ್ ಇಲ್ಲ, ಲ್ಯಾಪ್‌ಟಾಪ್ ಬಂದಿದ್ದು ಕಾಲೇಜಿಗೆ ಬಂದ ಮೇಲೆ. ನಮ್ಮ ಕಾಲೇಜಿನ ಸೆಲೆಕ್ಷನ್ನಲ್ಲಿ ಅವಳು ಸೋತಿದ್ದು ನಾನು ಕಣ್ಣಾರೆ ನೋಡಿದ್ದೀನಿ. ಎದುರಿನವನು ಹದಿನಾಲ್ಕು ನಡೆ ಬಾಯಿಪಾಠ ಇಟ್ಟ, ಒಂದು ಸಲವೂ ತಲೆ ಎತ್ತಿ ಯೋಚನೆ ಮಾಡಲಿಲ್ಲ. ಅವಳು ಒಂಬತ್ತನೇ ನಡೆಗೇ ಹಳ್ಳಕ್ಕೆ ಬಿದ್ದಿದ್ಳು. "ಪ್ರಿಪರೇಷನ್ ಸಾಲದು" ಅಂತ ಬರೆದು ಕಳಿಸಿದ್ರು. ಮದ್ರಾಸಿ ಟೇಬಲಲ್ಲಿ ಅದೇ ಹುಡುಗ ಇ4, ಡಿ5 ಆದ ಮೇಲೆ ಹತ್ತು ನಿಮಿಷ ಬೋರ್ಡ್ ನೋಡ್ತಾ ಕೂತಿದ್ದ. ಅವಳು ಹತ್ತು ನಿಮಿಷ ಅವನನ್ನ ನೋಡ್ತಾ ಕೂತಿದ್ಳು. ಎಷ್ಟೋ ದಿನದ ಮೇಲೆ ಇಬ್ಬರೂ ಒಂದೇ ಗೆರೆಯಿಂದ ಓಡೋಕೆ ಶುರು ಮಾಡಿದ್ರು. ಬಾಯಿಪಾಠ ಚೆಸ್ ಕೆಟ್ಟದ್ದು ಅಂತ ಅಲ್ಲ. ಅದೂ ಶ್ರಮವೇ. ಆದ್ರೆ ಒಂದು ಟೇಬಲ್ ಕೂಡ ಬೇರೆ ತರದ ತಲೆಗೆ ಇಲ್ಲ ಅನ್ನೋದು ಯಾವ ನ್ಯಾಯ?

8/8

ಸೀನಿಯರಿಗೆ ಸೀರಿಯಸ್ಸಾಗಿ: ಒಂದೇ ಟೇಬಲ್ ಕೇಳ್ತಿರೋದು. ಪ್ರೈಜ್ ಬೇಡ, ಸರ್ಟಿಫಿಕೇಟ್ ಬೇಡ. ಚೆಸ್ ಹಾಲಿನೊಳಗೆ ಇರಬೇಕು, ಸ್ಟಾಲಲ್ಲಿ ಅಲ್ಲ. ಗದ್ದಲ ಮಾಡಿದ್ರೆ ನೀವೇ ಎಬ್ಬಿಸಿ ಕಳಿಸಿ.

ನಮ್ಮ ಗ್ರೂಪಿನವರಿಗೆ: ಹೊಸ ವೇರಿಯಂಟ್ ಹಾಕೋ ಮುಂಚೆ ನಿಮಗೆ ಚೆನ್ನಾಗಿ ಆಡೋಕೆ ಬರೋ, ನಿಮ್ಮ ಮೇಲೆ ಸ್ವಲ್ಪವೂ ಕರುಣೆ ಇಲ್ಲದ ಒಬ್ಬರ ಜೊತೆ ಹತ್ತು ಆಟ ಆಡಿ. ಅವರು ನಿಮ್ಮ ಥೀಮನ್ನ ಮುಟ್ಟದೆಯೇ ಗೆದ್ರೆ ಪೋಸ್ಟರ್ ಮಾಡ್ಬೇಡಿ. ನಾನು ಮಾಡಿ ಅನುಭವಿಸಿದ್ದೀನಿ.

ಆಡೋಕೆ ಬರೋರಿಗೆ: ಶನಿವಾರ ಲ್ಯಾಬ್ ಮುಗಿದ ಮೇಲೆ, ಅದೇ ಕಲ್ಲುಬೆಂಚು. ಒಬ್ಬೊಬ್ಬರಿಗೆ 15 ನಿಮಿಷ. ರಾಜರಿಗೆ ಮರಗಟ್ಟೋ ನಿಯಮ ಇಲ್ಲ, ಅವರು ಮಾಮೂಲಿಯಂತೆ. ಎನ್ ಪಾಸಾಂ ಇದೆ, ನಮ್ಮಲ್ಲಿ ಕಾಲಾಳು ಕಾಲಾಳನ್ನ ಹೊಡೆಯೋ ಒಂದೇ ದಾರಿ ಅದು. ಬೇಡ ಅನ್ನೋರು ಗಡಿಯಾರ ಒತ್ತೋ ಮುಂಚೆ ಹೇಳಿ, ಮಧ್ಯದಲ್ಲಿ ಜಗಳ ಬೇಡ. ಚೆಕ್ ಬಿದ್ದಾಗ ಓಡೋದು, ಹೊಡೆಯೋದು, ಅಡ್ಡ ಇಡೋದು ಅಲ್ಲದೆ ನಾಲ್ಕನೇ ದಾರಿ ಇದೆ ಅಂತ ಮರೀಬೇಡಿ: ಚೆಕ್ ಕೊಟ್ಟ ಕಾಯಿಯನ್ನೇ ಕಲ್ಲು ಮಾಡಬಹುದು. ಹೊಸಬರು ಇದನ್ನ ಮರೆತೇ ಸೋಲೊಪ್ಪಿಕೊಳ್ತಾರೆ. ನಾನು ಎರಡು ಸಲ ಒಪ್ಪಿಕೊಂಡಿದ್ದೀನಿ.

ಬೋರ್ಡು ಅವಳು ತರ್ತಾಳೆ, ಅದೇ ಸೋದರಮಾವನ ರಟ್ಟಿನ ಬೋರ್ಡು. ಒಂದು ಕರಿ ಕಾಲಾಳು ಕಳೆದುಹೋಗಿದೆ, ಅದರ ಜಾಗದಲ್ಲಿ ಸೋಡಾ ಬಾಟಲಿ ಮುಚ್ಚಳ ಇದೆ. ಅದೂ ಮರಗಟ್ಟುತ್ತೆ.

#ಮದ್ರಾಸಿಚೆಸ್ #ಚದುರಂಗ #ಒಂದುಟೇಬಲ್‌ಕೊಡಿ